ಅನಂತಕ್ಕೆ ತಿರುಗಿಸಿಟ್ಟ ಲೆನ್ಸು

ಹಳೆಯ ನಿಕ್ಕಾರ್ 50 ಮಿ.ಮೀ. ಲೆನ್ಸಿನ ಫೋಕಸ್ ಉಂಗುರವನ್ನು ಎರಡು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಹೋಗಿ. ಒಳಗಿನ ಗ್ರೀಸು ಇನ್ನೂ ಒಣಗಿರದಿದ್ದರೆ ಅದು ಎಲ್ಲೂ ತಡವರಿಸದೆ, ಎಲ್ಲೂ ಸಡಿಲಾಗದೆ ಒಂದೇ ಹದದಲ್ಲಿ ಸಾಗುತ್ತದೆ. ಕೊನೆಗೊಂದು ಕಡೆ ಲೋಹಕ್ಕೆ ಲೋಹ ತಾಗಿ ನಿಲ್ಲುತ್ತದೆ. ಅದೇ ಅನಂತ. ಅಲ್ಲಿಂದಾಚೆ ಉಂಗುರ ಹೋಗುವುದಿಲ್ಲ. ಅಮಾವಾಸ್ಯೆಯ ರಾತ್ರಿ ಯಲ್ಲಾಪುರದ ಜೇನುಕಲ್ಲು ಗುಡ್ಡದಂಥ ಎತ್ತರದಲ್ಲಿ, ಲೆನ್ಸಿನ ಮೇಲೆ ಕೆತ್ತಿದ ಅಂಕಿಗಳು ಒಂದೂ ಕಾಣದಿದ್ದಾಗಲೂ, ಟಾರ್ಚು ಹಚ್ಚದೆ ಬೆರಳಿನ ಅರಿವಿನಿಂದಲೇ ನಕ್ಷತ್ರಗಳಿಗೆ ಫೋಕಸ್ ಕೂತಿತು ಎಂದು ಹೇಳಬಹುದು. ಈಗಿನ ಆಟೊಫೋಕಸ್ ಲೆನ್ಸುಗಳಲ್ಲಿ ಬಹುಪಾಲಿಗೆ ಈ ತಡೆ ಇಲ್ಲ. ಅವು ಅನಂತವನ್ನೂ ದಾಟಿ ಒಂದಿಷ್ಟು ಮುಂದಕ್ಕೆ ಹೋಗುತ್ತವೆ. ಕತ್ತಲಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಒಳಗಿನ ಮೋಟಾರು ಹಿಂದಕ್ಕೂ ಮುಂದಕ್ಕೂ ಅಲೆಯುತ್ತದೆ. ಅಷ್ಟರಲ್ಲಿ ಆಕಾಶದಲ್ಲಿ ಕಂಡದ್ದು ಕಾನಿನ ಹಿಂದೆ ಮರೆಯಾಗಿರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ರಾತ್ರಿ ಇನ್ನೂ ರಾತ್ರಿಯಾಗಿಯೇ ಉಳಿದಿದೆ. ಪೇಟೆಯ ದೀಪ ಹಿಂದೆ ಬಿದ್ದ ಮೇಲೆ ಕಾನು, ತೋಟ, ಗದ್ದೆ, ನಡುವೆ ದೂರದೂರಕ್ಕೆ ಒಂದೊಂದು ಮನೆ. ಅಡಿಕೆ ತೋಟದೊಳಗೆ ನಿಂತರೆ ಆಕಾಶ ಹೆಡೆಗಳ ನಡುವೆ ಚೂರುಚೂರಾಗಿ ಕಾಣುತ್ತದೆ. ಅಡಿಕೆ ಹರವುವ ಅಂಗಳಕ್ಕೆ ಬರಬೇಕು, ಇಲ್ಲವೇ ಸೊಪ್ಪಿನ ಬೆಟ್ಟ ಹತ್ತಿ ಬ್ಯಾಣಕ್ಕೆ ಹೋಗಬೇಕು. ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಬೇಸಿಗೆಯ ಮಬ್ಬು ಕವಿಯುವ ತನಕ ಅಲ್ಲಿ ತೆರೆದುಕೊಳ್ಳುವ ಆಕಾಶಕ್ಕೆ ಸಾಟಿಯಾದದ್ದು ದೊಡ್ಡ ಊರಿನವರಿಗೆ ಹಣ ಕೊಟ್ಟರೂ ಸಿಗದು. ಅಂಥ ಆಕಾಶವನ್ನು ತಾಸುಗಟ್ಟಲೆ ನೋಡುವವರಿಗೆ ಹೆಸರು ಹಚ್ಚಲಾಗದ ಬೆಳಕು ಒಮ್ಮೆಯಾದರೂ ಕಂಡೇ ಕಾಣುತ್ತದೆ. ಗದ್ದೆಯ ಅಂಚಿನಲ್ಲಿ ಕಂಡದ್ದಕ್ಕೆ ಹಿರಿಯರು ಕೊಳ್ಳಿದೆವ್ವ ಎಂದರು. ಮೇಲೆ ಕಂಡದ್ದಕ್ಕೆ ಆಮೇಲಿನವರು ಹಾರುವ ತಟ್ಟೆ ಎಂದರು. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಎಂದು ಎರಡು ಭಾಗಗಳ ಪುಸ್ತಕವನ್ನೇ ಬರೆದರು. ಅದೇ ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾಯುತ್ತಿದ್ದವರು. ಈ ಎರಡು ಆಸಕ್ತಿಗಳು ಒಬ್ಬರಲ್ಲೇ ಕೂಡಿದ್ದು ಸಹಜ ಎಂದೇ ನನ್ನ ಎಣಿಕೆ. ಎರಡಕ್ಕೂ ಬೇಕಾದದ್ದು ಕಂಡದ್ದನ್ನು ಕಂಡ ಹಾಗೆಯೇ ಹಿಡಿಯುವ ಹಟ.

ಕಂಡ ಹಾಗೆ ಹಿಡಿಯುವುದು ಈಗ ಕಷ್ಟವಾಗಿದೆ. ಕೈಯಲ್ಲಿರುವ ಫೋನು ರಾತ್ರಿಯ ಒಂದು ಚಿತ್ರಕ್ಕಾಗಿ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂರಿಸುತ್ತದೆ, ಅಲುಗಿದ್ದನ್ನು ಅಳಿಸುತ್ತದೆ, ಕಾಳುಕಾಳಾದದ್ದನ್ನು ನುಣುಪು ಮಾಡುತ್ತದೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಬ್ಬು ಮಾಡಿ ಕಂಪ್ಯೂಟರ್ ಪರದೆಯ ಮೇಲಿಟ್ಟು, ಕೋಣೆಯ ದೀಪ ಆರಿಸಿ, ದೂರದಿಂದ ಹೆಸರಾದ ಫೋನೊಂದರಲ್ಲಿ ತೆಗೆದರು. ಫೋಟೊದಲ್ಲಿ ಕುಳಿಗಳೂ ಕಲೆಗಳೂ ಮೂಡಿದ್ದವು. ಪರದೆಯ ಮೇಲೆ ಅವು ಇರಲೇ ಇಲ್ಲ. ಚಂದ್ರ ಎಂದು ಗುರುತಿಸಿದ ಫೋನು ಚಂದ್ರನ ಮೇಲೆ ಇರಬೇಕಾದದ್ದನ್ನು ತಾನೇ ತುಂಬಿತ್ತು. ಮಗುವಿನ ಹುಟ್ಟುಹಬ್ಬಕ್ಕೆ ಇದು ಸಾಕು. ಏನೆಂದು ಯಾರಿಗೂ ಗೊತ್ತಿಲ್ಲದ್ದನ್ನು ದಾಖಲಿಸಲು ಹೊರಟವರಿಗೆ ಮಾತ್ರ ತಾನೇ ಗುರುತಿಸಿ ತಾನೇ ತಿದ್ದುವ ಯಂತ್ರ ಒಗ್ಗುವುದಿಲ್ಲ.

ಆದ್ದರಿಂದ ಹಳೆಯದು. ಹಳೆಯದರಲ್ಲೂ ಆರಿಸಿಕೊಳ್ಳಬೇಕು.

ಕ್ಯಾಮೆರಾದ ಮೈ ಎಂದರೆ ನನಗೆ ಮೊದಲು ನೆನಪಾಗುವುದು 1982ರಲ್ಲಿ ಬಂದ ನಿಕಾನ್ ಎಫ್‌ಎಂ2. ಅದರ ಶಟರು ಸಂಪೂರ್ಣ ಯಾಂತ್ರಿಕ. ಸೆಕೆಂಡಿನ 4000ದಲ್ಲೊಂದು ಭಾಗದಿಂದ ಹಿಡಿದು ನೀವು ಗುಂಡಿ ಒತ್ತಿ ಹಿಡಿದಷ್ಟು ಹೊತ್ತಿನ ತನಕ ಯಾವುದಕ್ಕೂ ಅದಕ್ಕೆ ಬ್ಯಾಟರಿ ಬೇಡ. ಬೆಳಕು ಅಳೆಯುವ ಮೀಟರಿಗಷ್ಟೇ ಬೇಕು. ನಕ್ಷತ್ರದ ಕೆಳಗೆ ಆ ಮೀಟರಿಗೆ ಕೆಲಸವೇ ಇಲ್ಲ. ‘ಬಿ’ಗೆ ತಿರುಗಿಸಿ, ಕೇಬಲ್ ರಿಲೀಸಿನ ತಿರುಪು ಬಿಗಿದರೆ ಬೆಳಗಿನ ತನಕ ಬೇಕಾದರೂ ಶಟರು ತೆರೆದೇ ಇರುತ್ತದೆ, ಒಂದಿಷ್ಟೂ ಬಿಸಿಯಾಗದೆ. ಅಷ್ಟು ಹಣ ಹಾಕಲು ಆಗದವರಿಗೆ 1976ರಿಂದ ಎರಡು ದಶಕ ಬಂದ ಪೆಂಟಾಕ್ಸ್ ಕೆ1000 ಇದೆ. ಅದೂ ಹಾಗೆಯೇ, ಇನ್ನೂ ಸರಳ. ರಷ್ಯದ ಜೆನಿಟ್ ಭಾರವಾಗಿಯೂ ಒರಟಾಗಿಯೂ ಇರುತ್ತದೆ, ಆದರೆ ಅದರ ಮೂತಿಗೆ ಬರುವ ಹೀಲಿಯೋಸ್ ಲೆನ್ಸಿಗಾಗಿ ಅದನ್ನು ಸಹಿಸಿಕೊಳ್ಳಬಹುದು. ನಮ್ಮ ಕಡೆ ಅನೇಕ ಮನೆಗಳಲ್ಲಿ ಉಳಿದಿರುವ ಯಾಶಿಕಾ ಎಲೆಕ್ಟ್ರೊ 35 ನೋಡಲು ಬಹಳ ಚಂದ, ಹಗಲಿಗೆ ಒಳ್ಳೆಯದು. ಅದರ ಶಟರು ಬ್ಯಾಟರಿಯನ್ನೇ ನಂಬಿದ್ದು, ಹೀಗಾಗಿ ಈ ಕೆಲಸಕ್ಕೆ ಬೇಡ.

ಕೊಳ್ಳುವಾಗ ಕಣ್ಣಿಗಿಂತ ಕಿವಿ ದೊಡ್ಡದು. ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ. ಒಳಗಿನ ಹಲ್ಲುಚಕ್ರಗಳು ಸಣ್ಣಗೆ ಗುಂಯ್‌ಗುಡುತ್ತ ಓಡಿ, ಕೊನೆಯ ‘ಟಕ್’ ಸ್ಪಷ್ಟವಾಗಿ ಕೇಳಬೇಕು. ನಡುವೆ ಉಸಿರು ಕಟ್ಟಿದಂತಾದರೆ ಎಣ್ಣೆ ಗಟ್ಟಿಯಾಗಿದೆ. ಡಿಸೆಂಬರಿನ ಚಳಿಗೆ ಅದು ನಿಂತೇ ಹೋದೀತು. ಆಮೇಲೆ ಲೆನ್ಸು ಬಿಚ್ಚಿ ಅದರ ಹಿಂದೆ ಟಾರ್ಚು ಹಿಡಿಯಿರಿ. ವರ್ಷಕ್ಕೆ ಎರಡು ಸಾವಿರ ಮಿ.ಮೀ. ದಾಟಿ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಗಾಜಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿರುತ್ತದೆ. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಚಿತ್ರ ಕೆಡುವುದಿಲ್ಲ. ಹಿಂದಿನ ಗಾಜಿನ ನಡುವೆಯೇ ಹಬ್ಬಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ; ಬೂಸ್ಟನ್ನು ಒರೆಸಿದರೂ ಅದು ಗಾಜಿನ ಲೇಪವನ್ನು ಕೊರೆದ ಗುರುತು ಉಳಿಯುತ್ತದೆ, ಮತ್ತು ಪ್ರತಿ ದೀಪದ ಸುತ್ತ ಒಂದು ಸುಳ್ಳು ಪ್ರಭೆ ಹುಟ್ಟುತ್ತದೆ.

ಇನ್ನು ಲೆನ್ಸು. ಇಲ್ಲಿ ನಾನು ನಿಧಾನ ಮಾಡುತ್ತೇನೆ, ಏಕೆಂದರೆ ಹಳೆಯ ಉಪಕರಣದ ರುಚಿಯೆಲ್ಲ ಇಲ್ಲೇ ಇದೆ.

ಹೀಲಿಯೋಸ್ 44-2 ಎಂಬ 58 ಮಿ.ಮೀ. ಲೆನ್ಸು ಜರ್ಮನಿಯ ಝೈಸ್ ಬಯೋಟಾರ್ ವಿನ್ಯಾಸದಿಂದ ಹುಟ್ಟಿದ್ದು. ಓರೆಯಾಗಿ ಹಿಡಿದರೆ ಗಾಜಿನ ಮೇಲೆ ನೇರಳೆಯೂ ಜೇನುಬಣ್ಣವೂ ಓಡಾಡುತ್ತವೆ. ಅಪರ್ಚರಿಗೆ ಎಂಟು ಎಲೆ. ನಿಕ್ಕಾರ್ 50 ಮಿ.ಮೀ. ಎಫ್1.4ಕ್ಕೆ ಏಳು. ಇದು ಬರೀ ಅಂಕಿಯಲ್ಲ. ಎಲೆಗಳು ಸಮಸಂಖ್ಯೆಯಲ್ಲಿದ್ದರೆ ಪ್ರಖರ ಬೆಳಕಿನ ಸುತ್ತ ಅಷ್ಟೇ ಕಿರಣ ಮೂಡುತ್ತವೆ, ಬೆಸಸಂಖ್ಯೆಯಾದರೆ ಅದರ ಎರಡರಷ್ಟು. ಅಪರ್ಚರನ್ನು ಒಂದಿಷ್ಟು ಕಿರಿದು ಮಾಡಿ ಶುಕ್ರನನ್ನು ತೆಗೆದರೆ ಹೀಲಿಯೋಸಿನಲ್ಲಿ ಎಂಟು ಕಿರಣ, ನಿಕ್ಕಾರಿನಲ್ಲಿ ಹದಿನಾಲ್ಕು. ಫೋಕಸ್ ತಪ್ಪಿದರೆ ಅದೇ ಶುಕ್ರ ಒಂದರಲ್ಲಿ ಎಂಟು ಮೂಲೆಯ ತಟ್ಟೆ, ಇನ್ನೊಂದರಲ್ಲಿ ಏಳು ಮೂಲೆಯ ತಟ್ಟೆ. ರಷ್ಯದ 500 ಮಿ.ಮೀ. ಎಂಟಿಒ ಕನ್ನಡಿ ಲೆನ್ಸಿನಲ್ಲಿ ನಡುವೆ ಕಪ್ಪು ತೂತಿರುವ ಹೊಳೆಯುವ ಬಳೆ, ಏಕೆಂದರೆ ಅದರ ಮುಂಗಾಜಿನ ಮಧ್ಯದಲ್ಲಿ ಎರಡನೆಯ ಕನ್ನಡಿ ಕೂತಿದೆ. ಜಗತ್ತಿನ ಎಷ್ಟೋ ಹಾರುವ ತಟ್ಟೆಗಳು ಹೀಗೆ ಲೆನ್ಸಿನೊಳಗೇ ಹುಟ್ಟಿದವು. ಅಮೆರಿಕದ ನೌಕಾಪಡೆಯ ಹಡಗಿನಿಂದ ತೆಗೆದ, ಹಸಿರು ಆಕಾಶದಲ್ಲಿ ತ್ರಿಕೋನಗಳು ಮಿನುಗುವ ವಿಡಿಯೊ 2021ರಲ್ಲಿ ಎಲ್ಲೆಡೆ ಹಬ್ಬಿತು. 2022ರ ಮೇ ತಿಂಗಳಲ್ಲಿ ನೌಕಾ ಗುಪ್ತಚರ ವಿಭಾಗದ ಉಪನಿರ್ದೇಶಕ ಸ್ಕಾಟ್ ಬ್ರೇ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ, ರಾತ್ರಿ ನೋಟದ ಉಪಕರಣದ ಮೂಲಕ ಹಾದ ಬೆಳಕನ್ನು ಕ್ಯಾಮೆರಾ ಹಿಡಿದದ್ದರಿಂದ ಆ ತ್ರಿಕೋನಗಳು ಮೂಡಿದವೆಂದು ವಿವರಿಸಿದರು.

ಆದ್ದರಿಂದ ಹೊಸದಾಗಿ ಕೊಂಡ ಹಳೆಯ ಲೆನ್ಸಿಗೆ ಮೊದಲು ಜಾತಕ ಬರೆಯಬೇಕು. ಶುಕ್ರ, ಗುರು, ಲುಬ್ಧಕ ನಕ್ಷತ್ರ, ದೂರದ ಬೀದಿದೀಪ – ಇವನ್ನು ಫೋಕಸಿನಲ್ಲಿಟ್ಟು ತೆಗೆಯಿರಿ, ಬೇಕೆಂದೇ ಫೋಕಸ್ ತಪ್ಪಿಸಿ ತೆಗೆಯಿರಿ, ಅಪರ್ಚರಿನ ಪ್ರತಿ ಮೆಟ್ಟಿಲಿನಲ್ಲಿ ತೆಗೆಯಿರಿ, ಚೌಕಟ್ಟಿನ ನಡುವೆ ಮತ್ತು ಮೂಲೆಯಲ್ಲಿ ತೆಗೆಯಿರಿ. ಹಳೆಯ ಲೆನ್ಸನ್ನು ಪೂರ್ತಿ ತೆರೆದಾಗ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತವೆ; ಎರಡು ಮೆಟ್ಟಿಲು ಕಿರಿದು ಮಾಡಿದರೆ ರೆಕ್ಕೆ ಉದುರಿ ಚುಕ್ಕಿಯಾಗುತ್ತವೆ. ಚಂದ್ರನನ್ನು ಚೌಕಟ್ಟಿನ ಒಂದು ಬದಿಗಿಟ್ಟರೆ, ನಡುಬಿಂದುವಿನ ಆಚೆ ಅಷ್ಟೇ ದೂರದಲ್ಲಿ ಗಾಜಿನ ಪ್ರತಿಫಲನದ ಮಂಕು ಚುಕ್ಕಿಯೊಂದು ನಿಂತಿರುತ್ತದೆ. ಕ್ಯಾಮೆರಾ ಸ್ವಲ್ಪ ತಿರುಗಿಸಿ, ಅದು ಚಂದ್ರನಿಗೆ ಎದುರು ದಿಕ್ಕಿಗೆ ಓಡುತ್ತದೆ. ಇವನ್ನೆಲ್ಲ ಒಂದು ಪುಸ್ತಕದಲ್ಲಿ ಅಂಟಿಸಿ ಇಟ್ಟುಕೊಂಡವರಿಗೆ ತಮ್ಮ ಲೆನ್ಸು ಹೇಳುವ ಸುಳ್ಳುಗಳೆಲ್ಲ ಗೊತ್ತಿರುತ್ತವೆ. ಹಳೆಯ ಲೆನ್ಸಿನ ದೊಡ್ಡ ಗುಣವೇ ಇದು. ಅದರ ಸುಳ್ಳು ಎಂದೂ ಬದಲಾಗುವುದಿಲ್ಲ. ಫೋನಿನ ತಿದ್ದುಪಡಿ ಪ್ರತಿ ಅಪ್‌ಡೇಟಿಗೆ ಬೇರೆಯಾಗುತ್ತದೆ. 1970ರ ದಶಕದ ಗಾಜು ಇವತ್ತೂ ಅಂದಿನಂತೆಯೇ ಬೆಳಕನ್ನು ಬಗ್ಗಿಸುತ್ತದೆ.

ಉದ್ದ ಲೆನ್ಸಿನ ಆಸೆ ಎಲ್ಲರಿಗೂ ಇರುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಪೂರ್ಣಚಂದ್ರನೇ ನೆಗೆಟಿವ್ ಮೇಲೆ ಅರ್ಧ ಮಿಲಿಮೀಟರಿಗೂ ಕಡಿಮೆ. 500ರಲ್ಲಿ ನಾಲ್ಕೂವರೆ ಮಿಲಿಮೀಟರಿನಷ್ಟು. ಆದರೂ ನನ್ನ ಮತ ಅಗಲ ಲೆನ್ಸಿಗೆ. ಉದ್ದ ಲೆನ್ಸಿನಲ್ಲಿ ಸಿಕ್ಕಿದ ಬೆಳಕಿನ ಸುತ್ತ ಕಪ್ಪು ಬಿಟ್ಟರೆ ಬೇರೇನೂ ಇರುವುದಿಲ್ಲ. ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಎತ್ತ ಹೋಯಿತು ಎಂದು ಕೇಳಿದರೆ ಚಿತ್ರ ಮೂಕವಾಗುತ್ತದೆ. 28 ಅಥವಾ 35 ಮಿ.ಮೀ. ಲೆನ್ಸಿನಲ್ಲಿ ಅಡಿಕೆ ಮರದ ತುದಿ, ಎದುರು ಗುಡ್ಡದ ಏಣು, ಹಿಂದೆ ನಕ್ಷತ್ರಗಳು, ಎಲ್ಲ ಒಟ್ಟಿಗೆ ಬರುತ್ತವೆ. ನಕ್ಷತ್ರಗಳೇ ಅಳತೆಗೋಲು. ಭೂಮಿ ತಾಸಿಗೆ 15 ಡಿಗ್ರಿ ತಿರುಗುವುದರಿಂದ, ನಕ್ಷತ್ರ ಎಳೆದ ಗೆರೆಯ ಉದ್ದ ನೋಡಿ ಶಟರು ಎಷ್ಟು ಹೊತ್ತು ತೆರೆದಿತ್ತು ಎಂದೂ ಲೆಕ್ಕ ಹಾಕಬಹುದು. ಅದೇ ಚಿತ್ರದಲ್ಲಿ ವಿಮಾನ ಬಂದರೆ ಮಿಣುಕು ದೀಪದ ಚುಕ್ಕಿಗಳ ಸಾಲು. ಉಪಗ್ರಹವಾದರೆ ಒಂದೇ ಸಮನಾದ ಗೆರೆ. ಉಲ್ಕೆಯಾದರೆ ಸಣ್ಣಗೆ ಶುರುವಾಗಿ ನಡುವೆ ದಪ್ಪಗಾಗಿ ಮತ್ತೆ ಸಣ್ಣಗಾಗುವ ಕದಿರು. ಇವು ಮೂರೂ ಅಲ್ಲದ ಗೆರೆಯೊಂದು ಬಂದರೆ ಅದು ಜೋಪಾನ ಮಾಡಬೇಕಾದ ನೆಗೆಟಿವ್.

ನೆಗೆಟಿವ್ ಎಂಬ ವಸ್ತುವಿನ ಬೆಲೆ ಗೊತ್ತಾಗುವುದೂ ಆಗಲೇ. 1950ರಲ್ಲಿ ಅಮೆರಿಕದ ಆರೆಗನ್ ಸೀಮೆಯ ಮೆಕ್‌ಮಿನ್‌ವಿಲ್ ಹತ್ತಿರ ರೈತನೊಬ್ಬ ಮನೆಯಂಗಳದಿಂದ ತೆಗೆದ ತಟ್ಟೆಯಾಕಾರದ ವಸ್ತುವಿನ ಎರಡು ಚಿತ್ರಗಳನ್ನು 1960ರ ದಶಕದ ಕೊನೆಯಲ್ಲಿ ಹಾರುವ ತಟ್ಟೆಗಳ ವರದಿಗಳನ್ನು ಪರಿಶೀಲಿಸುತ್ತಿದ್ದ ಕಾಂಡನ್ ಸಮಿತಿಯ ವಿಜ್ಞಾನಿಗಳು ಪರೀಕ್ಷಿಸಿದರು. ನೆಗೆಟಿವ್ ಉಳಿದಿದ್ದರಿಂದ ವಸ್ತುವಿನ ಕೆಳಭಾಗದ ಕಪ್ಪನ್ನು ದೂರದ ಬೆಟ್ಟದ ಕಪ್ಪಿನೊಡನೆ, ಹತ್ತಿರದ ನೆರಳಿನ ಕಪ್ಪಿನೊಡನೆ ಹೋಲಿಸಿ ದೂರ ಅಂದಾಜಿಸಲು ಅವರಿಗೆ ಸಾಧ್ಯವಾಯಿತು. ತಂತಿಗೆ ತೂಗುಬಿಟ್ಟ ಆಟಿಕೆ ಎನ್ನುವವರೂ ಅದೇ ನೆಗೆಟಿವನ್ನು ಅಳೆದೇ ವಾದಿಸಿದರು. ನಿಜವಾಗಿಯೂ ಅಳೆಯಬಹುದಾದ ವಸ್ತು ಒಂದು ಎದುರಿಗಿದ್ದುದರಿಂದ ಆ ಜಗಳಕ್ಕೊಂದು ಮರ್ಯಾದೆ ಇತ್ತು.

ರೀಲಿನ ಬೆಲೆ ಈಗ ಹೆಚ್ಚು, ತೊಳೆಸಲು ದೂರಕ್ಕೆ ಕಳಿಸಬೇಕು, ಉದ್ದ ಎಕ್ಸ್‌ಪೋಷರಿನಲ್ಲಿ ಫಿಲ್ಮು ದಣಿದು ಮಂದವಾಗುತ್ತದೆ. ಹಾಗೆಂದು ಹಿಂದೆ ಸರಿಯುವವರಿಗೆ ನಡುದಾರಿ ಒಂದಿದೆ: 2006ರ ನಿಕಾನ್ ಡಿ40ಯಂಥ, ಸಿಸಿಡಿ ಸಂವೇದಕವಿರುವ ಹಳೆಯ ಡಿಜಿಟಲ್ ಕ್ಯಾಮೆರಾಕ್ಕೆ ಅದೇ ನಿಕ್ಕಾರನ್ನು ಹಾಕಿ ರಾ ಕಡತದಲ್ಲಿ ತೆಗೆಯುವುದು. ಮೀಟರು ಕೆಲಸ ಮಾಡುವುದಿಲ್ಲ, ಅದರ ಅಗತ್ಯವೂ ಇಲ್ಲ.

ಚಲಿಸುವ ಚಿತ್ರದ ವಿಷಯಕ್ಕೆ ಬಂದರೆ ನಮ್ಮ ಕಡೆಯ ಹಳೆಯ ವಿಡಿಯೊದವರ ಕಪಾಟು ನೋಡಬೇಕು. ಮದುವೆ, ಉಪನಯನ, ಬೆಳಗಿನ ತನಕದ ಯಕ್ಷಗಾನ ಆಟ – ಇವನ್ನೆಲ್ಲ ಹಿಡಿದ ಕ್ಯಾಮೆರಾಗಳು ಅಲ್ಲಿ ಮಲಗಿವೆ. ಮೊದಲು ಹೆಗಲ ಮೇಲಿಡುವ ಪ್ಯಾನಾಸೋನಿಕ್ ವಿಎಚ್‌ಎಸ್, ಆಮೇಲೆ 2000ದ ಸೋನಿ ಪಿಡಿ150, 2003ರ ಪಿಡಿ170. ಇವುಗಳಲ್ಲಿ ಪಿಡಿ170 ನನಗೆ ಬಹಳ ಪ್ರಿಯ. ಅದರೊಳಗೆ ಮೂರು ಸಿಸಿಡಿಗಳು, ಕೆಂಪು ಹಸಿರು ನೀಲಿಗೆ ಒಂದೊಂದು. ರಂಗಸ್ಥಳದ ಮಂದ ಬೆಳಕಿನಲ್ಲಿ ವೇಷದ ಕಿರೀಟದ ಹೊಳಪನ್ನೂ ಮುಖದ ಬಣ್ಣವನ್ನೂ ಕೆಡದಂತೆ ಹಿಡಿದ ಆ ಕಣ್ಣು ನಕ್ಷತ್ರದ ಬೆಳಕಿಗೂ ಒದಗುತ್ತದೆ. ಇನ್ನೂ ಮುಖ್ಯವಾದದ್ದು ಟೇಪಿನ ಗುಣ. ಮಿನಿ ಡಿವಿ ಟೇಪಿನಲ್ಲಿ ಸೆಕೆಂಡಿಗೆ 25ರಂತೆ ಪ್ರತಿ ಫ್ರೇಮೂ ಸ್ವತಂತ್ರವಾಗಿ ದಾಖಲಾಗುತ್ತದೆ, ಜೊತೆಗೆ ಅದರ ಸಮಯದ ಗುರುತೂ. ಈಗಿನ ಫೋನಿನ ವಿಡಿಯೊದಲ್ಲಿ ಹೆಚ್ಚಿನ ಫ್ರೇಮುಗಳು ಹಿಂದಿನದರಿಂದ ಏನು ಬದಲಾಯಿತು ಎಂಬ ಅಂದಾಜಿನಿಂದ ಕಟ್ಟಿದವು. ಕಪ್ಪು ಆಕಾಶದಲ್ಲಿ ಸಣ್ಣ ಚುಕ್ಕಿಯೊಂದು ಓಡಿದಾಗ ಆ ಅಂದಾಜು ಅದನ್ನು ನುಂಗಿಬಿಡಬಹುದು. ಸಿಸಿಡಿ ಕ್ಯಾಮೆರಾ ಬೆಳಕನ್ನು ಸಾಲುಸಾಲಾಗಿ ಅಲ್ಲ, ಒಮ್ಮೆಗೇ ಹಿಡಿಯುವುದರಿಂದ ವೇಗದ ವಸ್ತು ಓರೆಯಾಗುವುದೂ ಇಲ್ಲ. ಒಳ್ಳೆಯ ಮೈಕು ಇದೆ, ಅದನ್ನು ಮರೆಯಬಾರದು. ಶಬ್ದ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ, ಹತ್ತು ಕಿ.ಮೀ. ಎತ್ತರದ ವಿಮಾನದ ಸದ್ದು ಅರ್ಧ ನಿಮಿಷ ತಡವಾಗಿ ಬರುತ್ತದೆ. ಬೆಳಕು ಹೋದ ಮೇಲೂ ಕ್ಯಾಮೆರಾ ಆರಿಸದೆ ಬಿಟ್ಟರೆ ಟೇಪು ಉತ್ತರ ಕೊಟ್ಟೀತು.

ಇದಕ್ಕೂ ಜಾತಕ ಬೇಕು. ಪ್ರಖರ ದೀಪ ಬಿದ್ದರೆ ಸಿಸಿಡಿಯಲ್ಲಿ ಮೇಲಿನಿಂದ ಕೆಳಗಿನ ತನಕ ಬಿಳಿ ಗೆರೆ ಏಳುತ್ತದೆ. ಅದು ಬೆಳಕಿನ ಕಂಬವಲ್ಲ. 1998ರಿಂದ ಬಂದ ಸೋನಿ ಹ್ಯಾಂಡಿಕ್ಯಾಮುಗಳ ನೈಟ್‌ಶಾಟ್ ಕಣ್ಣಿಗೆ ಕಾಣದ ಅವಕೆಂಪನ್ನೂ ನೋಡುತ್ತದೆ. ಬಹಳ ಬೆಲೆಯುಳ್ಳ ಗುಣ. ಆದರೆ ಅದರ ಮುಂದಿನ ಪುಟ್ಟ ದೀಪ ಹಚ್ಚಿದರೆ ನಮ್ಮ ಮಲೆನಾಡಿನ ಹುಳಹುಪ್ಪಟೆಯೆಲ್ಲ ಲೆನ್ಸಿನೆದುರು ಹೊಳೆಯುತ್ತ, ರೆಕ್ಕೆ ಬಡಿತಕ್ಕೆ ಗಂಟುಗಂಟಾದ ಉದ್ದ ಕೋಲುಗಳಾಗಿ ಹಾರುತ್ತವೆ. ಆ ದೀಪವನ್ನು ಆರಿಸಿಡಿ. ಇನ್ನು ಮಂಜು. ಡಿಸೆಂಬರಿನಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಟೇಪಿನ ಉರುಳೆಯ ಮೇಲೆ ಪಸೆ ಕಂಡರೆ ಈ ಕ್ಯಾಮೆರಾಗಳು ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸುತ್ತವೆ, ಟೇಪು ಸಿಕ್ಕಿಕೊಳ್ಳದಿರಲೆಂದು. ಬೆಚ್ಚಗಿನ ಮನೆಯೊಳಗಿಂದ ತಣ್ಣಗಿನ ಬ್ಯಾಣಕ್ಕೆ ಹೊರಡುವ ಮುಂಚೆ ಕ್ಯಾಮೆರಾವನ್ನು ಚೀಲದಲ್ಲಿ ಕಟ್ಟಿ ಜಗುಲಿಯಲ್ಲಿ ಒಂದು ತಾಸು ಇಟ್ಟು ಹೊಂದಿಸಿಕೊಳ್ಳಿ. ಮರಳುವಾಗಲೂ ಚೀಲ ಬಿಚ್ಚದೆ ಹಾಗೆಯೇ ಇಡಿ. ಬ್ಯಾಟರಿಯ ಚಿಂತೆ ಬೇಡ. ಪಿಡಿ170ಕ್ಕೆ ಬೇಕಾದ ಎನ್‌ಪಿ-ಎಫ್ ಬ್ಯಾಟರಿಯನ್ನೇ ಇವತ್ತಿನ ಎಲ್‌ಇಡಿ ವಿಡಿಯೊ ದೀಪಗಳೂ ಬಳಸುವುದರಿಂದ ಪೇಟೆಯಲ್ಲಿ ಹೊಸದೇ ಸಿಗುತ್ತದೆ.

ಇಷ್ಟರ ಜೊತೆಗೆ ಒಂದು ತೆಳುವಾದ ಹಾಳೆ. ಮಿಲಿಮೀಟರಿಗೆ ನೂರಾರು ಗೆರೆಗಳಿರುವ ಪಾರದರ್ಶಕ ಗ್ರೇಟಿಂಗ್ ಹಾಳೆಯನ್ನು ಲೆನ್ಸಿನ ಮುಂದೆ ಹಿಡಿದರೆ ಪ್ರತಿ ಬೆಳಕಿನ ಪಕ್ಕದಲ್ಲೂ ಅದರ ವರ್ಣಪಟ್ಟಿ ಬಿಚ್ಚಿಕೊಳ್ಳುತ್ತದೆ. ಹಳೆಯ ಸೋಡಿಯಂ ಬೀದಿದೀಪದಲ್ಲಿ 589 ನ್ಯಾನೊಮೀಟರಿನ ಸುತ್ತ ಹಳದಿ ಎದ್ದು ಕಾಣುತ್ತದೆ, ಬಿಳಿ ಎಲ್‌ಇಡಿಯಲ್ಲಿ ನೀಲಿಯ ಉಬ್ಬು, ಶುಕ್ರನಲ್ಲಿ ಸೂರ್ಯನದೇ ಎಡೆಬಿಡದ ಕಾಮನಬಿಲ್ಲು. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ಇಂಥ ಹಾಳೆ ಹಾಕಿದ ಕ್ಯಾಮೆರಾಗಳನ್ನು ತನ್ನ ನೆಲೆಗಳಿಗೆ ಹಂಚಿತ್ತು. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ ಓಡಾಡುವ ಬೆಳಕುಗಳನ್ನು ಹಿಡಿಯಲು 1984ರಲ್ಲಿ ಹೋದವರೂ ಇದನ್ನೇ ನೆಚ್ಚಿದರು. ಆಕಾರ ಮೋಸ ಮಾಡಿದರೂ ವರ್ಣಪಟ್ಟಿ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಒಂದು ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ದೂರ ಹೇಳಲಾರದು. ದೂರಕ್ಕೆ ಎರಡು ಬೇಕು. ಹಾರ್ವರ್ಡಿನ ಫ್ರೆಡ್ ವಿಪಲ್ 1936ರಿಂದ ಸುಮಾರು 38 ಕಿ.ಮೀ. ಅಂತರದ ಎರಡು ಜಾಗಗಳಿಂದ ಒಂದೇ ಉಲ್ಕೆಯನ್ನು ತೆಗೆದು ಅದರ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕಿದರು. ನಮ್ಮ ಮೂರು ಊರುಗಳು ಇದಕ್ಕೆ ಹೇಳಿ ಮಾಡಿಸಿದಂತೆ ಕೂತಿವೆ. ಉತ್ತರಕ್ಕೆ ಯಲ್ಲಾಪುರ, ನಡುವೆ ಶಿರಸಿ, ದಕ್ಷಿಣಕ್ಕೆ ಸಿದ್ದಾಪುರ. ಹಕ್ಕಿ ಹಾರುವ ದಾರಿಯಲ್ಲಿ ಶಿರಸಿಯಿಂದ ಯಲ್ಲಾಪುರ ಸುಮಾರು 40 ಕಿ.ಮೀ., ಸಿದ್ದಾಪುರ ಸುಮಾರು 30. ಶಿರಸಿಯ ನೆತ್ತಿಯ ಮೇಲೆ ಬೆಳಕೊಂದು ಕಂಡಿತೆನ್ನಿ. ಅದು ಹತ್ತು ಕಿ.ಮೀ. ಎತ್ತರದ ವಿಮಾನವಾದರೆ ಯಲ್ಲಾಪುರದವರಿಗೆ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ, ಕಾನಿನ ತಲೆಯ ಹತ್ತಿರ ಕಾಣುತ್ತದೆ. ನೂರು ಕಿ.ಮೀ. ಎತ್ತರದ ಉಲ್ಕೆಯಾದರೆ 68 ಡಿಗ್ರಿ. ನಾನೂರು ಕಿ.ಮೀ. ಎತ್ತರದ ಉಪಗ್ರಹವಾದರೆ 84 ಡಿಗ್ರಿ, ಅವರಿಗೂ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ಯಾರೋ ಬಿಟ್ಟ ಡ್ರೋನಾದರೆ ಕಾಣುವುದೇ ಇಲ್ಲ. ಫೋನಿನ ನಿಜವಾದ ಉಪಯೋಗ ಇಲ್ಲಿದೆ: ಒಬ್ಬರಿಗೊಬ್ಬರು ಕರೆ ಮಾಡಿ, ಒಂದೇ ಗಡಿಯಾರ ನೋಡಿ, ಒಂದೇ ಕ್ಷಣದಲ್ಲಿ ಶಟರು ತೆರೆಯುವುದು.

ಇಂಥ ಉಪಕರಣ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಿಲ್ಲ. ಮುಚ್ಚಿದ ಸ್ಟುಡಿಯೊಗಳ ಕಪಾಟಿನಲ್ಲಿ, ಮನೆಯ ಅಟ್ಟದಲ್ಲಿ, ಚರ್ಮದ ಚೀಲದೊಳಗೆ ಅವು ಇವೆ. ಚರ್ಮದ ಚೀಲವೇ ಅವಕ್ಕೆ ಶತ್ರು. ಅದು ಪಸೆಯನ್ನು ಹೀರಿ ಹಿಡಿದಿಡುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಕೊನೆಗೊಂದು ಬಿನ್ನಹ. 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡೆ ದಡ ಹತ್ತಿ ಹುಬ್ಬಳ್ಳಿಯ ದಿಕ್ಕಿಗೆ ಹೋಯಿತು. ಯಲ್ಲಾಪುರ ಆ ಹಾದಿಯೊಳಗೇ ಇತ್ತು. ಆ ಮಧ್ಯಾಹ್ನ ಈ ಮೂರು ತಾಲ್ಲೂಕುಗಳಲ್ಲಿ ಯಾರಾದರೂ ಆಕಾಶಕ್ಕೆ ಕ್ಯಾಮೆರಾ ಎತ್ತಿದ್ದರೆ ಅವರ ನೆಗೆಟಿವ್ ಇವತ್ತಿಗೂ ಅಳತೆಗೆ ಸಿಗುವ ದಾಖಲೆ. ನಿಮ್ಮ ಮನೆಯಲ್ಲಿ, ನಿಮಗೆ ಗೊತ್ತಿದ್ದ ಸ್ಟುಡಿಯೊದಲ್ಲಿ ಅಂಥದ್ದೇನಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಹಳೆಯ ಮಿನಿ ಡಿವಿ ಟೇಪುಗಳಿದ್ದರೆ, ಓದಬಲ್ಲ ಕ್ಯಾಮೆರಾ ಇನ್ನೂ ನಡೆಯುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೃಗಶಿರೆಯ ಮಳೆ ಹಿಡಿಯುವ ಮುಂಚೆ ಅವನ್ನೆಲ್ಲ ಹೊರತೆಗೆದು, ಒರೆಸಿ, ಡಬ್ಬಕ್ಕೆ ಹಾಕಿ.